ವರದಿಗಾರರ ಸೈಡ್ ಕೆಲಸ: ಎಲ್ಲಿ ಬೇಡ ಅನ್ನಬೇಕು?

ಆಳಂದ, ಅಫಜಲಪುರ, ಜೇವರ್ಗಿಯಂಥ ತಾಲ್ಲೂಕುಗಳಿಂದ ಪತ್ರಿಕೆಗೆ ಸುದ್ದಿ ಕಳಿಸುವವರಲ್ಲಿ ಅರೆಕಾಲಿಕರೇ ಹೆಚ್ಚು. ಆ ಗೌರವಧನದಲ್ಲಿ ಸಂಸಾರ ನಡೆಯಲ್ಲ. ಹೊರಗಿನ ಬರವಣಿಗೆ ಹಿಡಿದರೆ ತಪ್ಪೇನು? ತಪ್ಪಿಲ್ಲ. ತೊಗರಿ ಬೇಸಾಯದ ಬಗ್ಗೆ ಯಾವುದೋ ಮಾಸಿಕಕ್ಕೆ ಲೇಖನ ಬರೆಯಲಿ, ಸಂಪಾದಕರಿಗೆ ಮೊದಲೇ ತಿಳಿಸಿದರಾಯ್ತು.

ಆದರೆ ಸಕ್ಕರೆ ಕಾರ್ಖಾನೆಗೆ ಪ್ರಚಾರದ ಪುಸ್ತಿಕೆ ಬರೆದುಕೊಟ್ಟು ದುಡ್ಡು ಪಡೆದವರು, ಕಬ್ಬಿನ ಬಿಲ್ ಬಾಕಿಗಾಗಿ ರೈತರು ಅದೇ ಗೇಟಿನ ಮುಂದೆ ಕೂತಾಗ ಏನು ಬರೀತಾರೆ? ಖರೆ ಬರೆದರೂ ರೈತರು ನಂಬಲ್ಲ. ಆ ಸುದ್ದಿ ಇನ್ನೊಬ್ಬರಿಗೆ ಬಿಡೋಣ ಅಂದ್ರೆ, ಎಷ್ಟೋ ಪತ್ರಿಕೆಗಳಿಗೆ ತಾಲ್ಲೂಕಿನಲ್ಲಿ ಇರೋದೇ ಒಬ್ಬರು! ಅದಕ್ಕೇ ಇಂಥ ಕೆಲಸಕ್ಕೆ ಮೊದಲೇ ಬೇಡ ಅನ್ನಬೇಕು.

ಜಾಹೀರಾತು ಸುದ್ದಿಯಿಂದ ಬೇರೆಯಾಗಿ ಕಾಣಬೇಕು ಅನ್ನುತ್ತೆ ಭಾರತೀಯ ಪತ್ರಿಕಾ ಮಂಡಳಿ. ಕಮಿಷನ್ ಕೊಟ್ಟು ವರದಿಗಾರರಿಂದಲೇ ಜಾಹೀರಾತು ತರಿಸುವ ಪತ್ರಿಕೆಗಳನ್ನೂ ಓದುಗರು ಈ ಪ್ರಶ್ನೆ ಕೇಳಬಹುದು.