ನಿಮಗಿದು ಗೊತ್ತೆ? ಏರ್‌ಗನ್ ಆಟಿಕೆಯಲ್ಲ

ನಿಂಬರ್ಗಾ ಊರಿನ ಕಡೆ ತೊಗರಿ ಹೊಲಕ್ಕೆ ಬರುವ ಹಕ್ಕಿ, ಮಂಗಗಳನ್ನು ಬೆದರಿಸಲು ಏರ್‌ಗನ್ ಕೊಳ್ಳುವ ಯೋಚನೆ ಇದೆಯೇ? 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿ.ಮೀ. ನಳಿಕೆ ಹಾಗೂ 20 ಜೌಲ್ ಶಕ್ತಿ ಮೀರದ ಏರ್‌ಗನ್‌ಗೆ ಲೈಸೆನ್ಸ್ ಬೇಕಿಲ್ಲ. ಪಾಯಿಂಟ್ 22 ರೈಫಲ್‌ಗೆ ಬೇಕೇ ಬೇಕು.

ಇವೆರಡರ ಅಂತರ ದೊಡ್ಡದು. ಏರ್‌ಗನ್‌ನಲ್ಲಿ ಸ್ಪ್ರಿಂಗ್ ಒತ್ತಿದ ಗಾಳಿ ಅರ್ಧ ಗ್ರಾಂ ತೂಕದ ಸೀಸದ ಗುಂಡನ್ನು ತಳ್ಳುತ್ತದೆ. ಪಾಯಿಂಟ್ 22ರಲ್ಲಿ ಫೈರಿಂಗ್ ಪಿನ್ನು ತೋಟಾದ ತಳದ ಅಂಚಿಗೆ ಬಡಿಯುತ್ತದೆ. ಅಲ್ಲಿನ ಮದ್ದು ಕಿಡಿಯಾಗಿ ಒಳಗಿನ ಪುಡಿ ಉರಿದು ಸುಮಾರು 2.6 ಗ್ರಾಂ ಗುಂಡು ಸೆಕೆಂಡಿಗೆ 330 ಮೀಟರ್ ಆಸುಪಾಸಿನ ವೇಗದಲ್ಲಿ ಹೊರಡುತ್ತದೆ. ಶಕ್ತಿ 140 ಜೌಲ್, ಅಂದರೆ ಏರ್‌ಗನ್ ಮಿತಿಯ ಏಳು ಪಟ್ಟು! ಗುರಿ ತಪ್ಪಿದ ಗುಂಡು ಒಂದು ಕಿಲೋಮೀಟರ್ ಆಚೆಗೂ ಹೋಗಬಲ್ಲದು. ಬಯಲು ಸೀಮೆಯ ನಮ್ಮ ಎರೆಹೊಲಗಳಲ್ಲಿ ಅದನ್ನು ತಡೆಯಲು ಗುಡ್ಡವೂ ಇಲ್ಲ, ಅಷ್ಟು ದೂರದೊಳಗೆ ಕಳೆ ಕೀಳುವ ಹೆಣ್ಣುಮಕ್ಕಳು ಇದ್ದೇ ಇರುತ್ತಾರೆ.

ಹಾಗೆಂದು ಏರ್‌ಗನ್ ನಿರಪಾಯಕಾರಿ ಎಂದುಕೊಳ್ಳಬೇಡಿ. ಹತ್ತಿರದಿಂದ ಅದರ ಗುಂಡು ಚರ್ಮ ಸೀಳುತ್ತದೆ, ಕಣ್ಣಿಗೆ ತಗುಲಿದರೆ ದೃಷ್ಟಿಯೇ ಹೋಗಬಹುದು. ಕಲ್ಲಿಗೆ, ಕಬ್ಬಿಣದ ತಗಡಿಗೆ ಬಡಿದರೆ ವಾಪಸ್ ಚಿಮ್ಮುತ್ತದೆ. ಗುರಿಯ ಹಿಂದೆ ಮಣ್ಣು ತುಂಬಿದ ಚೀಲ ಒಟ್ಟಿ, ಕನ್ನಡಕ ಹಾಕಿ, ಮಕ್ಕಳನ್ನು ದೂರ ಇಡಿ.

ಇನ್ನೊಂದು ಮಾತು: ನವಿಲು, ಕೃಷ್ಣಮೃಗಗಳನ್ನು ಏರ್‌ಗನ್‌ನಿಂದ ಹೊಡೆದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧವೇ.