ಹನ್ನೊಂದು ತಿಂಗಳ ಮನೆ, ಹನ್ನೆರಡು ತಿಂಗಳ ನೆಟ್

ಟೆಂಪೊ ಬೆಳಿಗ್ಗೆ ಎಂಟಕ್ಕೇ ಬಂದು ಮುಲುಂಡ್ ಪೂರ್ವದ ನಮ್ಮ ಬಿಲ್ಡಿಂಗಿನ ಕೆಳಗೆ ನಿಂತಿತ್ತು. ಕಪಾಟು ಇಳಿದಿತ್ತು, ಫ್ರಿಜ್ಜು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತ್ತು, ಹೆಂಡತಿ ತುಳಸಿ ಕುಂಡವನ್ನು ಯಾರ ಕೈಗೂ ಕೊಡದೆ ತಾನೇ ಹಿಡಿದುಕೊಂಡು ನಿಂತಿದ್ದಳು. ಸರಿಯಾಗಿ ಅದೇ ಹೊತ್ತಿಗೆ ಇಂಟರ್‌ನೆಟ್ ಕಂಪನಿಯ ಹುಡುಗ ಬಂದ. “ಅಂಕಲ್, ಬಾಕ್ಸ್ ಲೇನೇ ಆಯಾ.” ಗೋಡೆಯಿಂದ ಕಿತ್ತಿಟ್ಟಿದ್ದ ರೂಟರ್ ಕೊಟ್ಟೆ. ಮಗುಚಿ ಹಿಂಬದಿಯ ಸೀರಿಯಲ್ ನಂಬರಿನ ಫೋಟೊ ತೆಗೆದ, ಎರಡೂ ಆಂಟೆನಾ ಅಲ್ಲಾಡಿಸಿ ನೋಡಿದ. “ಅಡಾಪ್ಟರ್?” ಹುಡುಕಿದೆವು. ಚಮಚಗಳ ಡಬ್ಬಿ, ಪುಸ್ತಕದ ರಟ್ಟಿನ ಪೆಟ್ಟಿಗೆ, ಆಗಲೇ ಟೆಂಪೊ ಏರಿದ್ದ ಹಾಸಿಗೆಯ ಗಂಟು, ಎಲ್ಲೂ ಇಲ್ಲ. ಹುಡುಗ ಮೊಬೈಲಿನಲ್ಲಿ ಏನೋ ಒತ್ತಿ, “ಮಿಸ್ಸಿಂಗ್ ಡಾಲಾ ಹೈ, ಸಾಢೇ ತೀನ್ ಸೌ ಕಟೇಗಾ” ಎಂದು ಲಿಫ್ಟಿಲ್ಲದ ನಾಲ್ಕು ಮಹಡಿ ಇಳಿದು ಹೋದ.

ಆ ಮುನ್ನೂರೈವತ್ತಕ್ಕೇ ಮುಗಿದಿದ್ದರೆ ನಾನು ಸುಮ್ಮನಿರುತ್ತಿದ್ದೆ. ವಾರ ಕಳೆದು ಮೇಲ್ ಬಂತು. ರೂಟರಿಗೆಂದು ನಾನು ಕಟ್ಟಿದ್ದ 1,500 ರೂಪಾಯಿ ಠೇವಣಿಯಲ್ಲಿ ‘ಅವಧಿಗೆ ಮೊದಲೇ ರದ್ದು’ ಬಾಬ್ತು 1,000, ಅಡಾಪ್ಟರ್ ಬಾಬ್ತು 350. ಉಳಿದ 150 ರೂಪಾಯಿ ಖಾತೆಗೆ ಬರುತ್ತದಂತೆ. ಮುಂಗಡ ಕಟ್ಟಿದ್ದ ವಾರ್ಷಿಕ ಪ್ಲಾನಿನಲ್ಲಿ ಇನ್ನೂ ಎರಡು ತಿಂಗಳು ಬಾಕಿಯಿತ್ತಲ್ಲ, ಅದರ ಮಾತೇ ಇಲ್ಲ.

ಅವಧಿಗೆ ಮೊದಲೇ! ನಾನು ಹೊರಟದ್ದು ಅವಧಿ ಮುಗಿದ ಮೇಲೇ. ಆದರೆ ಅದು ಮನೆಯ ಅವಧಿ.

ಮುಂಬಯಿಯ ಬಾಡಿಗೆದಾರನಿಗೆ ವರ್ಷವೆಂದರೆ ಹನ್ನೊಂದು ತಿಂಗಳು. ವರ್ಷದೊಳಗಿನ ಕರಾರಿಗೆ ನೋಂದಣಿ ಬೇಡ ಎಂಬ ಹಳೆಯ ಕಾನೂನಿನ ಸಂದಿಯಲ್ಲಿ ಹುಟ್ಟಿದ ಲೆಕ್ಕವಿದು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮು ಆ ಸಂದಿಯನ್ನು ಮುಚ್ಚಿತು. ಎಷ್ಟು ತಿಂಗಳಿನದೇ ಆಗಲಿ, ಲೀವ್ ಆಂಡ್ ಲೈಸೆನ್ಸ್ ಕರಾರು ಬರಹದಲ್ಲಿರಬೇಕು, ನೋಂದಣಿಯೂ ಆಗಬೇಕು ಎಂದಿತು. ಸಂದಿ ಮುಚ್ಚಿದರೂ ಹನ್ನೊಂದರ ಅಭ್ಯಾಸ ಉಳಿಯಿತು. ಎಸ್ಟೇಟ್ ಏಜೆಂಟನಿಗೆ ಹನ್ನೊಂದು ತಿಂಗಳಿಗೊಮ್ಮೆ ದಲಾಲಿ, ಮಾಲೀಕನಿಗೆ ಬಾಡಿಗೆ ಏರಿಸುವ ಅವಕಾಶ, ಬಿಡುವವರು ಯಾರು? ಇತ್ತ ಇಂಟರ್‌ನೆಟ್ ಕಂಪನಿಯ ಪಂಚಾಂಗದಲ್ಲಿ ಇರುವುದು ಒಂದು, ಮೂರು, ಆರು, ಹನ್ನೆರಡು. ಒಂದು ತಿಂಗಳಿನದು ಬೇಕೆಂದರೆ ಇನ್‌ಸ್ಟಾಲೇಶನ್‌ಗೆ ದುಡ್ಡು. ಹನ್ನೆರಡು ತಿಂಗಳಿನದಕ್ಕೆ ಅದು ಫ್ರೀ, ಮೇಲೊಂದು ತಿಂಗಳು ಪುಕ್ಕಟೆ. ಹೊಸ ಮನೆಗೆ ಬಂದ ಹೊಸತರಲ್ಲಿ, ಗ್ಯಾಸ್ ಇನ್ನೂ ಬಂದಿಲ್ಲ, ಮಗನ ಆನ್‌ಲೈನ್ ಕ್ಲಾಸು ನಾಳೆಯೇ ಎಂಬ ಗಡಿಬಿಡಿಯಲ್ಲಿ ಯಾರಾದರೂ ಹನ್ನೆರಡಕ್ಕೇ ಹೂಂ ಅನ್ನುತ್ತಾರೆ. ನಾನೂ ಅಂದೆ. ಹನ್ನೊಂದರ ಮನೆಯಲ್ಲಿ ಒಂದು ತಿಂಗಳು ತಡವಾಗಿ ಹನ್ನೆರಡರ ನೆಟ್ ಹಾಕಿಸಿದವನಿಗೆ ಕಾಸು ಕೊಟ್ಟ ಎರಡು ತಿಂಗಳು ನಷ್ಟವೆಂದು ಹೇಳಲು ಗಣಿತಜ್ಞ ಬೇಕಿಲ್ಲ. ಆ ಹೊತ್ತಿಗೆ ಹೊಳೆಯಬೇಕಲ್ಲ!

ಫೋನು ಸಿಗುವುದೇ ಭಾಗ್ಯವಾಗಿದ್ದ ಕಾಲದಲ್ಲಿ ಕನೆಕ್ಷನ್ ಬಿಡುವ ಮಾತು ಯಾರಿಗೂ ಬೇಕಿರಲಿಲ್ಲ. 1986ರಲ್ಲಿ ಮುಂಬಯಿ ಮತ್ತು ದಿಲ್ಲಿಗೆಂದೇ ಸರ್ಕಾರಿ ಫೋನ್ ಕಂಪನಿ ಎಂಟಿಎನ್‌ಎಲ್ ಹುಟ್ಟಿದಾಗಲೂ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿತ್ತು. ಊರಿಗೆ ಬರುತ್ತಿದ್ದ ಮುಂಬಯಿಯವರ ಮದುವೆ ಕಾಗದಗಳಲ್ಲಿ ಫೋನ್ ನಂಬರಿನ ಪಕ್ಕ ‘ಪಿ.ಪಿ.’ ಎಂದು ಇರುತ್ತಿತ್ತು. ಫೋನು ಪಕ್ಕದ ಮನೆಯದು, ಕರೆದರೆ ಕೂಗಿ ಹೇಳುತ್ತಾರೆ ಎಂದು ಅರ್ಥ.

ಕರಾರಿನ ಫೋನು ಈ ಊರಿನ ಬೀದಿಗೆ ನಿಜವಾಗಿ ಇಳಿದದ್ದು 2003ರ ಮಳೆಗಾಲದಲ್ಲಿ. ನವಿ ಮುಂಬಯಿಯ ಕೋಪರ್‌ಖೈರಣೆಯಲ್ಲಿ ಬೀಡುಬಿಟ್ಟಿದ್ದ ರಿಲಯನ್ಸ್ ಇನ್ಫೋಕಾಮ್ ‘ಮಾನ್ಸೂನ್ ಹಂಗಾಮಾ’ ಎಂದು ಸಾರಿ 501 ರೂಪಾಯಿ ಮುಂಗಡಕ್ಕೆ ಮೊಬೈಲ್ ಕೈಗಿಟ್ಟು ಉಳಿದದ್ದನ್ನು ಕಂತಿನ ಕರಾರಿಗೆ ಹಾಕಿತು. ಛತ್ರಿ ಹಿಡಿದು ಜನ ಸಾಲು ನಿಂತರು. ಆ ಸಿಡಿಎಂಎ ಸೆಟ್ಟು ಬೇರೆ ಯಾರ ನೆಟ್‌ವರ್ಕಿನಲ್ಲೂ ನಡೆಯುವಂತಿರಲಿಲ್ಲ. ಕಂಪನಿ ಬಿಟ್ಟರೆ ಕೈಯಲ್ಲಿ ಉಳಿಯುವುದು ಕಾಗದದ ಮೇಲೆ ಇಡುವ ತೂಕದ ಕಲ್ಲು. ಆದರೆ ಬಿಟ್ಟವರೂ ಬೇಕಾದಷ್ಟು ಜನ. ಬಿಲ್ಲು ಕಟ್ಟದೆ ಸೆಟ್ಟನ್ನು ಮೂಲೆಗೆಸೆದು ಬೇರೆ ಸಿಮ್ ಕೊಂಡರು. ಕಂತಿನ ಫೋನು ಈ ದೇಶದಲ್ಲಿ ಬೇರುಬಿಡಲಿಲ್ಲ. 2008ರ ಆಗಸ್ಟಿನಲ್ಲಿ ಐಫೋನ್ 3ಜಿ ಬಂದಾಗ ಅಮೆರಿಕದಲ್ಲಿ ಎರಡು ವರ್ಷದ ಕರಾರಿಗೆ ಸಹಿ ಹಾಕಿದವನಿಗೆ 199 ಡಾಲರು; ಇಲ್ಲಿ 31,000 ರೂಪಾಯಿ ಎಣಿಸಿಡಬೇಕಿತ್ತು. ದುಬಾರಿ ಎಂದು ಎಲ್ಲರೂ ಬೈದರು. ಕರಾರಿನ ಕುಣಿಕೆ ಇಲ್ಲದ್ದಕ್ಕೆ ಕೊಟ್ಟ ಬೆಲೆ ಅದು ಎಂದು ನನಗೆ ಈಗ ಅನಿಸುತ್ತದೆ.

ಮೊಬೈಲಿನ ಮಟ್ಟಿಗೆ ದೊಡ್ಡ ಗಂಟು ಬಿಚ್ಚಿದ್ದು 2011ರ ಜನವರಿ 20ರಂದು. ನಂಬರು ಉಳಿಸಿಕೊಂಡೇ ಕಂಪನಿ ಬದಲಿಸಬಹುದು ಎಂಬ ವ್ಯವಸ್ಥೆ ಅಂದು ದೇಶವಿಡೀ ಜಾರಿಗೆ ಬಂತು. ‘ಪೋರ್ಟ್’ ಎಂದು ಬರೆದು, ಪಕ್ಕದಲ್ಲಿ ನಂಬರು ಹಾಕಿ 1900ಕ್ಕೆ ಎಸ್‌ಎಂಎಸ್ ಕಳಿಸಿದರೆ ಎಂಟಕ್ಷರದ ಕೋಡು ಬರುತ್ತದೆ. ಅದಕ್ಕೆ ನಾಲ್ಕು ದಿನ ಆಯುಸ್ಸು. ಅದನ್ನು ಹೊಸ ಕಂಪನಿಗೆ ಕೊಟ್ಟರೆ ಒಂದೇ ಸರ್ಕಲಿನೊಳಗೆ, ಅಂದರೆ ಒಂದೇ ಟೆಲಿಕಾಂ ವಲಯದೊಳಗೆ, ಮೂರು ಕೆಲಸದ ದಿನ, ಬೇರೆ ಸರ್ಕಲಿಗಾದರೆ ಐದು. ಹಳೆಯ ಕಂಪನಿಯಲ್ಲಿ ತೊಂಬತ್ತು ದಿನ ಆಗಿರಬೇಕು, ಪೋಸ್ಟ್‌ಪೇಯ್ಡ್ ಬಾಕಿ ಇರಬಾರದು. ಇನ್ನೊಂದು ಷರತ್ತು ಎಷ್ಟೋ ಜನರ ಕಣ್ಣಿಗೆ ಬೀಳುವುದಿಲ್ಲ: ಕರಾರಿನಲ್ಲಿ ಹೊರಹೋಗುವ ಷರತ್ತೇನಾದರೂ ಬರೆದಿದ್ದು ಅದನ್ನು ಪೂರೈಸದಿದ್ದರೆ ಕೋಡು ಬರುವುದಿಲ್ಲ. ಆಫೀಸು ಕೊಟ್ಟ ನಂಬರನ್ನು ಕೆಲಸ ಬಿಟ್ಟ ಮೇಲೂ ಇಟ್ಟುಕೊಳ್ಳಬೇಕೆಂದವರು ಮೊದಲು ಆಫೀಸಿನ ಒಪ್ಪಿಗೆ ಪತ್ರ ತರಬೇಕು.

ಮುಂಬಯಿ ತಾನೇ ಒಂದು ಸರ್ಕಲ್. ಠಾಣೆ, ನವಿ ಮುಂಬಯಿ, ಕಲ್ಯಾಣವೂ ಅದರೊಳಗೇ. ನನ್ನ ಸೋದರಮಾವ ಘಾಟ್ಕೋಪರಿನಲ್ಲಿ ಮೂವತ್ತು ವರ್ಷ ಹೋಟೆಲು ನಡೆಸಿ 2013ರಲ್ಲಿ ಕಾರ್ಕಳಕ್ಕೆ ಮರಳಿದರು. ಅವರದು 98200ರಿಂದ ಶುರುವಾಗುವ ನಂಬರು. ಮುಂಬಯಿಯ ಮೊದಲ ಮೊಬೈಲುಗಳ ಸರಣಿ, ಅದೊಂದು ಗತ್ತು. “ಅಂಗಡಿ ಕೊಟ್ಟೆ ಮಾರಾಯ, ನಂಬ್ರ ಕೊಡುದಿಲ್ಲ” ಎಂದು ಎರಡು ವರ್ಷ ಬಂದ ಕರೆಗೂ ರೋಮಿಂಗ್ ದುಡ್ಡು ತೆತ್ತರು. 2015ರ ಜುಲೈ 3ರಿಂದ ಸರ್ಕಲ್ ದಾಟಿಯೂ ಪೋರ್ಟ್ ಮಾಡಬಹುದಾದ ಮೇಲೆ ಆ ನಂಬರು ಕರ್ನಾಟಕದ್ದಾಯಿತು.

ಹೀಗಿದ್ದೂ ಬಿಟ್ಟುಹೋಗುವವರು ಯಾವಾಗಲೂ ಗಿರಾಕಿಗಳೇ ಎಂದು ತಿಳಿಯಬೇಡಿ. ಮುಂಬಯಿಗೆ ಮೊದಲು ಮೊಬೈಲು ತಂದ ಎರಡು ಕಂಪನಿಗಳಲ್ಲಿ ಒಂದಾದ ಬಿಪಿಎಲ್, ಹೆಸರು ಬದಲಿಸಿ ಲೂಪ್ ಆಗಿ, ಲೈಸೆನ್ಸ್ ಮುಗಿದು 2014ರ ನವೆಂಬರಿನಲ್ಲಿ ಅಂಗಡಿ ಮುಚ್ಚಿತು. ಲಕ್ಷಗಟ್ಟಲೆ ಮುಂಬಯಿಕರರು ಕೋಡಿಗಾಗಿ ಪರದಾಡಿದರು. ರಿಲಯನ್ಸ್ ಕಮ್ಯುನಿಕೇಶನ್ಸ್ 2017ರ ಡಿಸೆಂಬರಿನಲ್ಲಿ ಧ್ವನಿ ಸೇವೆಯನ್ನೇ ನಿಲ್ಲಿಸಿತು. ಕಂಪನಿ ಅವಧಿಗೆ ಮೊದಲೇ ಹೊರಟರೆ ಎಷ್ಟು ಕಟ್ಟಬೇಕು ಎಂಬ ಕಲಮನ್ನು ನಾನಂತೂ ಯಾವ ಅರ್ಜಿಯಲ್ಲೂ ಕಂಡಿಲ್ಲ.

ಇನ್ನು ಬ್ರಾಡ್‌ಬ್ಯಾಂಡ್. ಮೊಬೈಲಿನಂತೆ ಇದಕ್ಕೆ ಪೋರ್ಟ್ ಇಲ್ಲ. ತಂತಿ ಬಿಲ್ಡಿಂಗಿಗೆ ಬರಬೇಕು, ಬಿಲ್ಡಿಂಗಿಗೆ ಬರಬೇಕಾದರೆ ಸೊಸೈಟಿ ಕಮಿಟಿ ಒಪ್ಪಬೇಕು. ಮನೆ ಬದಲಿಸುವ ಹದಿನೈದು ದಿನ ಮುಂಚೆಯೇ ನಾನು ಕಂಪನಿಗೆ ಫೋನ್ ಮಾಡಿ, ಕನೆಕ್ಷನ್ ಡೊಂಬಿವಲಿಯ ಹೊಸ ಮನೆಗೆ ಬದಲಿಸಿಕೊಡಿ ಎಂದಿದ್ದೆ. ಎರಡು ದಿನ ಬಿಟ್ಟು ಉತ್ತರ: “ಸರ್, ಓ ಬಿಲ್ಡಿಂಗ್ ಫೀಸಿಬಲ್ ನಹೀ ಹೈ.” ಈ ‘ಫೀಸಿಬಲ್’ ಎಂಬುದು ಈ ಧಂದೆಯ ಮಂತ್ರ. ಹೊಸ ಸೊಸೈಟಿಯ ಕಮಿಟಿ ಇನ್ನೆರಡು ಕಂಪನಿಗಳಿಗೆ ಮಾತ್ರ ತಾರಸಿಯಲ್ಲಿ ಪೆಟ್ಟಿಗೆ ಇಡಲು ಬಿಟ್ಟಿತ್ತು. ಅಂದರೆ ನಾನು ಅವರನ್ನು ಬಿಡಲಿಲ್ಲ, ಅವರಿಗೆ ನನ್ನ ಹಿಂದೆ ಬರಲಾಗಲಿಲ್ಲ. ದಂಡ ಮಾತ್ರ ನನಗೆ.

ಕಂಪನಿಯ ಮಾತೂ ಪೂರ್ತಿ ಸುಳ್ಳಲ್ಲ, ಹೇಳಿಬಿಡುತ್ತೇನೆ. ನಾಲ್ಕನೇ ಮಹಡಿಗೆ ಫೈಬರ್ ಎಳೆದ ಹುಡುಗನ ಕೂಲಿ, ಪೆಟ್ಟಿಗೆಯ ಬೆಲೆ, ಆ ಗಲ್ಲಿಯ ಕೇಬಲ್‌ವಾಲಾನ ಕಮಿಷನ್ ಎಲ್ಲವೂ ಮೊದಲೇ ಖರ್ಚಾಗಿರುತ್ತದೆ. ಮೂರನೇ ತಿಂಗಳಿಗೇ ಎದ್ದು ಹೋದವನಿಂದ ಅದನ್ನು ಕೇಳಿದರೆ ತಪ್ಪೆನ್ನಲಾರೆ. ಹತ್ತು ತಿಂಗಳು ಕೂತವನಿಂದಲೂ ಪೂರ್ತಿ ಸಾವಿರವೇ ಏಕೆ ಎಂಬುದಷ್ಟೇ ನನ್ನ ಜಗಳ. ಹನ್ನೆರಡರಲ್ಲಿ ಎರಡು ತಿಂಗಳ ಪಾಲು 167 ರೂಪಾಯಿ. 1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಮೂ ಇದೇ ದಾರಿಯದು: ಕರಾರಿನಲ್ಲಿ ದಂಡದ ಮೊತ್ತ ಬರೆದಿಟ್ಟಿದ್ದರೂ ಸಿಗುವುದು ಅದನ್ನು ಮೀರದ, ಯುಕ್ತವಾದ ಪರಿಹಾರ ಮಾತ್ರ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇನ್ನೂ ಮುಂದೆ ಹೋಗಿ, ಆದ ನಷ್ಟಕ್ಕೆ ಹೊಂದದ ದಂಡ ಹಾಕುವ ಕರಾರನ್ನು ‘ಅನ್ಯಾಯದ ಕರಾರು’ ಎಂದೇ ಕರೆಯಿತು. ಆದರೆ ಒಂದು ತೊಡಕು ಇಟ್ಟಿತು. ಕರಾರೇ ಅನ್ಯಾಯದ್ದು ಎನ್ನಬೇಕಾದರೆ ಜಿಲ್ಲಾ ಆಯೋಗದಲ್ಲಿ ನಡೆಯದು, ರಾಜ್ಯ ಆಯೋಗಕ್ಕೇ ಹೋಗಬೇಕು. ಸಾವಿರ ರೂಪಾಯಿಗೆ! ಹಾಗಾಗಿ ತಿಳಿದವರು ‘ಸೇವಾ ನ್ಯೂನತೆ’ ಎಂದು ಬರೆದು ಜಿಲ್ಲಾ ಆಯೋಗದ ಬಾಗಿಲನ್ನೇ ತಟ್ಟುತ್ತಾರೆ. ಉಪನಗರದವರಿಗೆ ಅದು ಬಾಂದ್ರಾ ಪೂರ್ವದಲ್ಲಿದೆ. ಐದು ಲಕ್ಷದವರೆಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ.

ಆ ಬಾಗಿಲೂ ಬಹುಕಾಲ ಅರ್ಧ ಮುಚ್ಚಿತ್ತು. ಟೆಲಿಗ್ರಾಫ್ ಕಾಯ್ದೆಯ 7ಬಿ ಕಲಮಿನ ಪ್ರಕಾರ ಫೋನಿನ ತಕರಾರು ಮಧ್ಯಸ್ಥಿಕೆಗೆ ಹೋಗಬೇಕು, ಗ್ರಾಹಕ ನ್ಯಾಯಾಲಯಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿತ್ತು. ಕಂಪನಿಗಳು ಅದನ್ನೇ ಗುರಾಣಿ ಮಾಡಿಕೊಂಡವು. ಅಹಮದಾಬಾದಿನ ಗ್ರಾಹಕರೊಬ್ಬರಿಗೆ ತಿಂಗಳಿಗೆ ಸರಾಸರಿ 555 ರೂಪಾಯಿ ಬರುತ್ತಿದ್ದ ಬಿಲ್ಲು 2013ರಲ್ಲಿ ಒಮ್ಮೆಲೇ 24,609 ರೂಪಾಯಿ 51 ಪೈಸೆ ಬಂತು. ಅವರು ಗ್ರಾಹಕ ವೇದಿಕೆಗೆ ಹೋದರೆ ವೊಡಾಫೋನ್ ಕಂಪನಿ ಅದೇ 7ಬಿ ಹಿಡಿದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಖಾಸಗಿ ಟೆಲಿಕಾಂ ಕಂಪನಿಯ ವಿರುದ್ಧವೂ ಗ್ರಾಹಕ ಆಯೋಗ ದೂರು ಕೇಳಬಹುದು ಎಂದು ತೀರ್ಪು ಬಂದದ್ದು 2022ರ ಫೆಬ್ರವರಿ 16ರಂದು. ಬಿಲ್ಲು ಸರಿಯೋ ತಪ್ಪೋ ಎಂದಲ್ಲ, ಯಾವ ಬಾಗಿಲು ತಟ್ಟಬೇಕು ಎಂದು ತಿಳಿಯಲು ಇಷ್ಟು ವರ್ಷ.

ನಾನು ಅಷ್ಟು ದೂರ ಹೋಗಲಿಲ್ಲ. ಫೋನಿನಲ್ಲಿ ಜಗಳವಾಡುವುದನ್ನು ನಿಲ್ಲಿಸಿ, ದೂರಿನ ಡಾಕೆಟ್ ನಂಬರು ಕೇಳಿ ಬರೆದುಕೊಂಡೆ. ಅದು ಕೈಯಲ್ಲಿಲ್ಲದಿದ್ದರೆ ನೀವು ಹತ್ತು ಸಲ ಕರೆದದ್ದೂ ಗಾಳಿಮಾತೇ. ಪ್ರತಿ ಕಂಪನಿಯಲ್ಲೂ ಮೇಲ್ಮನವಿ ಅಧಿಕಾರಿ ಇರಲೇಬೇಕೆಂದು ಟೆಲಿಕಾಂ ನಿಯಂತ್ರಕ ಸಂಸ್ಥೆ ಟ್ರಾಯ್‌ನ 2012ರ ನಿಯಮ ಹೇಳುತ್ತದೆ. ಮೇಲ್ಮನವಿ 39 ದಿನದೊಳಗೆ ಇತ್ಯರ್ಥವಾಗಬೇಕು. (ನೇರ ಟ್ರಾಯ್‌ಗೇ ಬರೆಯುವವರಿದ್ದಾರೆ. ಒಬ್ಬೊಬ್ಬರ ದೂರು ವಿಚಾರಿಸುವ ಅಧಿಕಾರ ಅದಕ್ಕಿಲ್ಲ, ಕಾಗದವನ್ನು ಕಂಪನಿಗೇ ದಾಟಿಸುತ್ತದೆ.) ಠೇವಣಿ ಮರಳಿಸಲು ಹಿಂದೆ 60 ದಿನವಿತ್ತು, 2024ರ ಹೊಸ ಗುಣಮಟ್ಟ ನಿಯಮ ಅದನ್ನು 45ಕ್ಕೆ ಇಳಿಸಿದೆ. ಮೇಲ್ಮನವಿಯಲ್ಲಿ ನಾನು ಬರೆದದ್ದು ಅರ್ಧ ಪುಟ: ಬದಲಿಸಿಕೊಡಿ ಎಂದು ಕೇಳಿದ ದಿನಾಂಕ, ಅವರ ‘ಫೀಸಿಬಲ್ ಇಲ್ಲ’ ಮೆಸೇಜಿನ ಫೋಟೊ, ಹುಡುಗ ಪೆಟ್ಟಿಗೆ ಒಯ್ದ ದಿನ, 167ರ ಲೆಕ್ಕ. ಕಾಯ್ದೆಯ ಹೆಸರು ಒಂದು ಸಾಲಿನಲ್ಲಿ.

ಮೂವತ್ತಮೂರನೇ ದಿನ ಖಾತೆಗೆ 1,150 ರೂಪಾಯಿ ಬಂತು. ಸಾವಿರದ ದಂಡವನ್ನು ಕೈಬಿಟ್ಟಿದ್ದರು, 167 ಕೂಡ ಹಿಡಿದಿರಲಿಲ್ಲ. ಎರಡು ತಿಂಗಳ ಪ್ಲಾನಿನ ಹಣ, ತೆರಿಗೆ ಸೇರಿ ಹತ್ತಿರಹತ್ತಿರ 1,400, ಬರಲಿಲ್ಲ, ಅದಕ್ಕಾಗಿ ಬಾಂದ್ರಾಕ್ಕೆ ಹೋಗೋಣವೇ ಎಂದರೆ ಹೆಂಡತಿ, “ರಜೆ ಹಾಕಿ ಹೋದರೆ ನಿಮ್ಮ ಒಂದು ದಿನದ ಸಂಬಳ ಎಷ್ಟು ರೀ?” ಎಂದಳು. ಡೊಂಬಿವಲಿಯ ಮನೆಯಲ್ಲಿ ಇನ್‌ಸ್ಟಾಲೇಶನ್ ದುಡ್ಡು ಕೊಟ್ಟು ತಿಂಗಳ ಪ್ಲಾನನ್ನೇ ಹಾಕಿಸಿದೆ. ಹುಡುಗ ನನ್ನನ್ನು ಜುಗ್ಗನನ್ನು ನೋಡುವ ಹಾಗೆ ನೋಡಿದ.

ಭಾದ್ರಪದದಲ್ಲಿ ಗಣಪತಿ ಕೂರಿಸಲು ಅಟ್ಟದಿಂದ ಅಲಂಕಾರದ ಪೆಟ್ಟಿಗೆ ಇಳಿಸಿದೆವು. ಥರ್ಮಾಕೋಲಿನ ಕಮಾನಿನ ಕೆಳಗೆ, ಬಣ್ಣದ ದೀಪದ ಸರಕ್ಕೆ ಸುತ್ತಿಕೊಂಡು ಕೂತಿತ್ತು, ಕಪ್ಪು ಅಡಾಪ್ಟರ್. ಹೋದ ಚೌತಿಗೆ ಸರದ ಅಡಾಪ್ಟರ್ ಸುಟ್ಟಾಗ ರೂಟರಿನದನ್ನು ಕಿತ್ತು ಹಾಕಿದ್ದೆ, ಹಬ್ಬ ಮುಗಿದ ಮೇಲೆ ರೂಟರಿಗೆ ಮನೆಯಲ್ಲಿದ್ದ ಬೇರೆ ಯಾವುದನ್ನೋ ಸಿಕ್ಕಿಸಿದ್ದೆ. ಮಗ ಅದನ್ನು ಪ್ಲಗ್ಗಿಗೆ ಹಾಕಿದ. ಸರ ಮಿನುಗಿತು.