ಗೆಜೆಟ್ ಬಂತು, ಹಡಗು ಬಂದಿಲ್ಲ

2024ರ ಸೆಪ್ಟೆಂಬರ್ 13ರಂದು ಕೇಂದ್ರ ಸರ್ಕಾರ ಕಚ್ಚಾ ತಾಳೆ, ಸೋಯಾ ಮತ್ತು ಸೂರ್ಯಕಾಂತಿ ಎಣ್ಣೆಯ ಮೂಲ ಆಮದು ಸುಂಕವನ್ನು ಸೊನ್ನೆಯಿಂದ ಶೇ 20ಕ್ಕೆ ಏರಿಸಿತು. ಮರುದಿನವೇ ಜಾರಿ. ಸೆಸ್, ಸರ್‌ಚಾರ್ಜ್ ಎಲ್ಲ ಸೇರಿ ಶೇ 5.5 ಇದ್ದದ್ದು ಶೇ 27.5 ಆಯಿತು. ಕೋಟಿ ರೂಪಾಯಿಯ ಎಣ್ಣೆಗೆ ಐದೂವರೆ ಲಕ್ಷ ಕಟ್ಟುತ್ತಿದ್ದವರು ಬೆಳಗಾಗುವಷ್ಟರಲ್ಲಿ ಇಪ್ಪತ್ತೇಳೂವರೆ ಲಕ್ಷ ಹೊಂದಿಸಬೇಕು. ತಾಳೆ ಎಣ್ಣೆ ಇಳಿಯುವ ನಮ್ಮ ಪಣಂಬೂರಿರಲಿ, ಗುಜರಾತಿನ ಕಾಂಡ್ಲಾ ಇರಲಿ, ಇಂಥ ಸುದ್ದಿ ಬಂದ ಗಳಿಗೆಯಲ್ಲಿ ಆಮದುದಾರರು ಫೋನ್ ಹಚ್ಚುವುದು ತಮ್ಮ ಕಸ್ಟಮ್ಸ್ ಬ್ರೋಕರ್‌ಗೆ. ಕೇಳುವ ಪ್ರಶ್ನೆಯೂ ಒಂದೇ: ‘ನಮ್ಮ ಸರಕಿಗೆ ಹಳೇ ರೇಟೋ, ಹೊಸದೋ?’

ಬಂದರಿನವರ ಬಾಯಲ್ಲಿ ಈ ಬ್ರೋಕರ್‌ಗಳು ಇಂದಿಗೂ ‘ಸಿಎಚ್‌ಎ’, ಅಂದರೆ ಕಸ್ಟಮ್ಸ್ ಹೌಸ್ ಏಜೆಂಟ್. ಸರ್ಕಾರಿ ಪರೀಕ್ಷೆ ಪಾಸು ಮಾಡಿ ಲೈಸೆನ್ಸ್ ಪಡೆದವರು. ಇವರ ಸಿಬ್ಬಂದಿಗೂ ಜಿ ಕಾರ್ಡ್, ಎಚ್ ಕಾರ್ಡ್ ಎಂಬ ಗುರುತಿನ ಚೀಟಿಗಳುಂಟು. ಸರಕು ಸುಂಕಪಟ್ಟಿಯ ಯಾವ ಶೀರ್ಷಿಕೆಯಡಿ ಬರುತ್ತದೆಂದು ನೋಡುವುದು, ಕಸ್ಟಮ್ಸ್‌ನ ‘ಐಸ್‌ಗೇಟ್’ ಪೋರ್ಟಲ್‌ನಲ್ಲಿ ‘ಬಿಲ್ ಆಫ್ ಎಂಟ್ರಿ’ ಎಂಬ ಆಮದು ಘೋಷಣೆ ಸಲ್ಲಿಸುವುದು, ಅಧಿಕಾರಿ ಕೇಳಿದ್ದಕ್ಕೆ ಉತ್ತರ ಕೊಟ್ಟು ಸರಕು ಬಿಡಿಸುವುದು ಇವರ ನಿತ್ಯದ ಕೆಲಸ. ಸುಂಕ ದಿಢೀರನೆ ಬದಲಾದಾಗ ಮಾತ್ರ ಇವರ ನಿಜವಾದ ಕಸುಬು ಕಾಣುತ್ತದೆ. ಅದು ತಾರೀಖು ಹಿಡಿಯುವ ಕಸುಬು.

ಸರಕು ಕೊಂಡ ದಿನ, ಹಣ ಕಳಿಸಿದ ದಿನ, ಇಂಡೊನೇಷ್ಯಾದಲ್ಲಿ ಹಡಗಿಗೆ ಏರಿಸಿದ ದಿನ, ಇವಾವುವೂ ಸುಂಕದ ಲೆಕ್ಕಕ್ಕೆ ಬರುವುದಿಲ್ಲ. 1962ರ ಕಸ್ಟಮ್ಸ್ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಬಿಲ್ ಆಫ್ ಎಂಟ್ರಿ ಸಲ್ಲಿಸಿದ ದಿನದ ದರವೇ ದರ. ಹಾಗಾದರೆ ಹಡಗು ನಡುಗಡಲಲ್ಲಿರುವಾಗಲೇ ಸಲ್ಲಿಸಿ ಹಳೇ ದರ ಹಿಡಿಯಬಹುದಲ್ಲ? ಮುಂಗಡವಾಗಿ ಸಲ್ಲಿಸಲು ಅಡ್ಡಿಯಿಲ್ಲ, ಆದರೆ ದರ ಸಿಗುವುದಿಲ್ಲ. ಹಡಗಿಗೆ ಸರಕು ಇಳಿಸುವ ‘ಎಂಟ್ರಿ ಇನ್‌ವರ್ಡ್ಸ್’ ಅನುಮತಿ ಸಿಕ್ಕ ದಿನವೇ ಬಿಲ್ ಸಲ್ಲಿಸಿದಂತೆ ಎಂದು ಕಾನೂನು ಭಾವಿಸುತ್ತದೆ.

ಈ ನಿಯಮದ ಏಟು ಎಂಥದ್ದೆಂಬುದು 1981ರಲ್ಲಿ ಮುಂಬೈಗೆ ಖಾದ್ಯ ತೈಲ ತರಿಸಿದವರಿಗೆ ಗೊತ್ತಾಯಿತು. ಹಡಗು ಬಂದಿತ್ತು, ನಿಲ್ಲಲು ಬರ್ತ್ ಇರಲಿಲ್ಲ. ಬೇರೆ ಸರಕು ಇಳಿಸಲು ಕರಾಚಿಗೆ ಹೋಗಿ ಮರಳಿತು. ಆಮದುದಾರರು ಹಡಗು ಮೊದಲು ಬಂದ ದಿನದ ಶೇ 12.5ರ ದರ ಕೇಳಿದರು, ಕಸ್ಟಮ್ಸ್ ಮರಳಿದ ಮೇಲಿನ ಶೇ 150 ಹಾಕಿತು. ಭಾರತ್ ಸರ್ಫ್ಯಾಕ್ಟೆಂಟ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಂಟ್ರಿ ಇನ್‌ವರ್ಡ್ಸ್ ದಿನವನ್ನೇ ಎತ್ತಿಹಿಡಿಯಿತು. ಬರ್ತ್ ಖಾಲಿ ಇಲ್ಲದ್ದು ವ್ಯಾಪಾರಿಯ ತಪ್ಪೇನಲ್ಲ, ಆದರೆ ದಂಡ ತೆತ್ತದ್ದು ಆತನೇ.

ಅಟ್ಟಾರಿ ಗಡಿಯ ಕಥೆ ಇದಕ್ಕೆ ತದ್ವಿರುದ್ಧ. ಪುಲ್ವಾಮಾ ದಾಳಿಯ ಎರಡೇ ದಿನಕ್ಕೆ, 2019ರ ಫೆಬ್ರುವರಿ 16ರಂದು, ಪಾಕಿಸ್ತಾನದ ಎಲ್ಲ ಸರಕಿಗೆ ಶೇ 200 ಸುಂಕ ಬಿತ್ತು. ಅಧಿಸೂಚನೆ ಇ-ಗೆಜೆಟ್‌ಗೆ ಏರಿದ್ದು ರಾತ್ರಿ 8 ಗಂಟೆ 46 ನಿಮಿಷ 58 ಸೆಕೆಂಡಿಗೆ. ಅಷ್ಟರೊಳಗೆ ಸರಕು ಬಂದು, ಬಿಲ್‌ಗಳೂ ಸಲ್ಲಿಕೆಯಾಗಿದ್ದವು. ದಿನ ಎಂದರೆ ಇಡೀ ದಿನ, ಎಲ್ಲಕ್ಕೂ ಹೊಸ ದರವೇ ಎಂದು ಇಲಾಖೆ ಪಟ್ಟು ಹಿಡಿಯಿತು. 2020ರ ಸೆಪ್ಟೆಂಬರ್ 23ರಂದು ಜಿ.ಎಸ್. ಛಟ್ಠಾ ರೈಸ್ ಮಿಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಎಲೆಕ್ಟ್ರಾನಿಕ್ ಗೆಜೆಟ್‌ನ ಕಾಲದಲ್ಲಿ ಗಂಟೆ, ನಿಮಿಷಕ್ಕೂ ಬೆಲೆಯುಂಟು, ಪ್ರಕಟವಾಗದ ಆದೇಶ ಅದಕ್ಕೆ ಮೊದಲೇ ಸಲ್ಲಿಸಿದ ಬಿಲ್ಲಿಗೆ ಅನ್ವಯಿಸದು ಎಂದಿತು. ನನಗೆ ಇದು ಬರೀ ತಾಂತ್ರಿಕ ಗೆಲುವು ಅನ್ನಿಸುವುದಿಲ್ಲ. ಓದಲು ಸಿಗದ ಆದೇಶವನ್ನು ಯಾರು ತಾನೇ ಪಾಲಿಸಿಯಾರು?

ಸುಂಕ ಇಳಿಯುವ ಗಾಳಿಸುದ್ದಿ ಇದ್ದಾಗ ಲೆಕ್ಕಾಚಾರ ತಿರುಗುಮುರುಗು. ಸುಂಕ ಕಟ್ಟದೆ ಬಾಂಡ್ ಬರೆದುಕೊಟ್ಟು ಸರಕನ್ನು ಬಾಂಡೆಡ್ ಗೋದಾಮಿನಲ್ಲಿ ಇಡಬಹುದು. ಹೊರತೆಗೆಯಲು ‘ಎಕ್ಸ್-ಬಾಂಡ್’ ಬಿಲ್ ಸಲ್ಲಿಸಿದ ದಿನದ ದರ ಅನ್ವಯಿಸುತ್ತದೆ. 2024ರ ಜುಲೈ 23ರ ಬಜೆಟ್ ಚಿನ್ನದ ಸುಂಕವನ್ನು ಶೇ 15ರಿಂದ ಶೇ 6ಕ್ಕೆ ತಂದಾಗ ತಡೆದು ನಿಂತವರು ಗೆದ್ದರು. ಆದರೆ ಸಾಮಾನ್ಯವಾಗಿ 90 ದಿನ ದಾಟಿದರೆ ಬಡ್ಡಿ ಶುರು, ಗೋದಾಮಿನ ಬಾಡಿಗೆ ಬೇರೆ. ಕಾದು ಕೂತಾಗ ಸುಂಕ ಏರಿಬಿಟ್ಟರೆ ಮುಗಿದೇ ಹೋಯಿತು. ಬಾಂಡ್ ಕೂಡ ಮಾಡದೆ ಸುಮ್ಮನೆ ಬಿಲ್ ತಡಮಾಡಿದರೆ ಮೊದಲ ಮೂರು ದಿನ ದಿನಕ್ಕೆ 5,000, ಆಮೇಲೆ ದಿನಕ್ಕೆ 10,000 ರೂಪಾಯಿ ದಂಡ.

ಏರಿದ ಸುಂಕ ಯಾರ ತಲೆಗೆ ಎಂಬ ಜಗಳ ಬೇರೆಯೇ. ಆಮದುದಾರ ಇಲ್ಲಿನ ಗಿರಾಕಿಯೊಡನೆ ಮೊದಲೇ ಬೆಲೆ ಕುದುರಿಸಿರುತ್ತಾನೆ. 1930ರ ಸರಕು ಮಾರಾಟ ಕಾಯ್ದೆಯ 64ಎ ಸೆಕ್ಷನ್, ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದರೆ ಹೆಚ್ಚಿದ ಸುಂಕವನ್ನು ಬೆಲೆಗೆ ಸೇರಿಸಲು ಬಿಡುತ್ತದೆ. ಸುಂಕ ಇಳಿದರೆ ಗಿರಾಕಿಯೂ ಅಷ್ಟು ಕಡಿತ ಮಾಡಿಕೊಳ್ಳಬಹುದು. ಬಹಳ ಮಂದಿ ಈ ಕಲಮನ್ನು ಹುಡುಕುವುದು ಸುಂಕ ಏರಿದ ಮೇಲೆಯೇ. ಆಗ ಪರ್ಚೇಸ್ ಆರ್ಡರ್ ತೆಗೆದು ನೋಡಿದರೆ ‘ಎಲ್ಲ ತೆರಿಗೆ ಸೇರಿ’ ಎಂದು ಬರೆದಿರುತ್ತದೆ. ಬ್ರೋಕರ್ ಆ ಜಗಳಕ್ಕೆ ಇಳಿಯುವುದಿಲ್ಲ. ಸುಂಕ ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಎಂದು ನೆನಪಿಸಿ, ಚಲನ್ ನಂಬರ್ ಕಳಿಸಿ ಮುಂದಿನ ಫೈಲ್ ತೆರೆಯುತ್ತಾರೆ.